ಒಗ್ಗರಣೆ ಹಾಕಿದ ಔಷಧಿ

ನಿಮ್ಮ ಕೆಲಸ ಏನು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಸುತ್ತ ಒಮ್ಮೆ ನೋಡುತ್ತೇನೆ. ಊಟದ ಪಂಕ್ತಿಯಲ್ಲಿ ಕೂತಿದ್ದರೆ 'ಆಸ್ಪತ್ರೆಯಲ್ಲಿ' ಎಂದು ಅಲ್ಲಿಗೇ ನಿಲ್ಲಿಸುತ್ತೇನೆ. ಯಾರ ಎದುರೂ ಎಲೆ ಇಲ್ಲ ಅಂತಾದರೆ ಮಾತ್ರ ಪೂರ್ತಿ ಹೇಳುವುದು. ಸಾಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಜನರ ಕರುಳು ಎಷ್ಟು ಸ್ವಚ್ಛವಾಗಿದೆ ಎಂದು ಬರೆದಿಡುವುದು ನನ್ನ ಕೆಲಸ. ಕೇಳಿದವರು ಮತ್ತೆ ಎರಡನೇ ಪ್ರಶ್ನೆ ಕೇಳುವುದಿಲ್ಲ.

ಮೊದಲು ನಾನು ಬರೀ ನರ್ಸ್ ಆಗಿದ್ದೆ. ನಮ್ಮ ಹೊಟ್ಟೆ ಡಾಕ್ಟರು ಒಂದು ದೊಡ್ಡ ಸಂಶೋಧನೆಗೆ ಸೇರಿಕೊಂಡರು. ಸೇರಿದ ಮೇಲೆ ಅದರ ಕಾಗದಪತ್ರ ನೋಡಿಕೊಳ್ಳಲು ಬಾಯಿ ಜೋರಿರುವ ಒಬ್ಬರು ಬೇಕಾಯಿತು, ನನ್ನನ್ನು ಹಾಕಿದರು. ವಿಷಯ ಇಷ್ಟೇ. ಕೊಲೊನೋಸ್ಕೋಪಿ ಎಂದರೆ ತುದಿಯಲ್ಲಿ ಕ್ಯಾಮೆರಾ ಇರುವ ಕೊಳವೆಯನ್ನು ಹಿಂದಿನ ದಾರಿಯಿಂದ ಒಳಗೆ ಬಿಟ್ಟು ದೊಡ್ಡ ಕರುಳನ್ನು ನೋಡುವುದು. ನೋಡಬೇಕಾದರೆ ಕರುಳು ಖಾಲಿ ಇರಬೇಕು. ಅದಕ್ಕೊಂದು ಪುಡಿ ಇದೆ, ಅದನ್ನು ಎರಡು ಲೀಟರ್ ನೀರಿನಲ್ಲಿ ಕರಗಿಸಿ ಕುಡಿಯಬೇಕು. ಅಷ್ಟನ್ನೂ ಹಿಂದಿನ ಸಂಜೆಯೇ ಕುಡಿದರೆ ಒಳ್ಳೆಯದೋ, ಅರ್ಧ ಸಂಜೆ, ಅರ್ಧ ಬೆಳಿಗ್ಗೆ ಐದಕ್ಕೆ ಕುಡಿದರೆ ಒಳ್ಳೆಯದೋ ಎಂಬುದೇ ಸಂಶೋಧನೆ. ಯಾರಿಗೆ ಯಾವುದು ಎಂದು ಅಂಟಿಸಿದ ಲಕೋಟೆ ಹೇಳುತ್ತದೆ, ಅದನ್ನು ಒಡೆಯುವವಳು ನಾನು. ಡಾಕ್ಟರಿಗೆ ಅದು ಗೊತ್ತಾಗಕೂಡದು. ಅವರು ಪರದೆ ನೋಡಿಕೊಂಡು ಶಾಲೆ ಮಾಸ್ತರರ ಹಾಗೆ ಅಂಕ ಕೊಡುತ್ತಾರೆ. ಕರುಳಿನ ಮೂರು ಭಾಗಕ್ಕೆ ಮೂರು ಮೂರು, ಒಟ್ಟು ಒಂಬತ್ತು.

ಈ ಏರ್ಪಾಡು ಮಾಡಿದ ನಗರದ ಮಹಾನುಭಾವರು ಹೊಸನಗರದಿಂದ ಸಾಗರಕ್ಕೆ ಒಮ್ಮೆಯೂ ಬಸ್ಸಿನಲ್ಲಿ ಬಂದವರಲ್ಲ. ಬೆಳಿಗ್ಗೆ ಐದಕ್ಕೆ ಒಂದು ಲೀಟರ್ ಭೇದಿ ಔಷಧಿ ಕುಡಿದು, ಆರೂವರೆಯ ಬಸ್ಸು ಹತ್ತಿ, ಆ ತಿರುವುಗಳಲ್ಲಿ ಬರುವುದೆಂದರೆ! ಪಾಪ, ರೋಗಿಯ ಗತಿ ಬಿಡಿ, ಕಂಡಕ್ಟರನ ಗತಿ ಏನು? ಅದಕ್ಕೆ ನಾನೇ ಒಂದು ದಾರಿ ಹುಡುಕಿದೆ. ಎರಡು ಕಂತಿನ ಲಕೋಟೆ ಬಂದವರು ಹಿಂದಿನ ದಿನವೇ ಬಂದು ಸಾಗರದಲ್ಲಿ ನೆಂಟರ ಮನೆಯಲ್ಲಿ ಉಳಿಯಬೇಕು. ಸಾಗರದಲ್ಲಿ ನೆಂಟರಿಲ್ಲದವರು ನಮ್ಮ ಕಡೆ ಯಾರಿದ್ದಾರೆ? ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ನೆಂಟರ ಮನೆ ಎಂದರೆ ಏನು ಎಂಬುದನ್ನು ಮಾತ್ರ ಮರೆತಿದ್ದೆ.

ಆ ವರ್ಷ ಮಾವಿನಕಾಯಿ ಬಿಡುವ ಹೊತ್ತಿಗೆ ಹೊಸನಗರದ ಆಚೆಯಿಂದ ಒಬ್ಬ ಅಡುಗೆಯವರು ಬಂದರು. ಮದುವೆ ಮುಂಜಿಗೆ ಸಾವಿರ ಜನಕ್ಕೆ ಅಡುಗೆ ಮಾಡುವ ಕೈ. ಅರವತ್ತು ದಾಟಿದೆ. ಮೂರು ತಾಲ್ಲೂಕಿನಲ್ಲಿ ಅವರ ಅಪ್ಪೆಹುಳಿಗೆ ಹೆಸರಿದೆ. ಹುಳಿ ಮಾವಿನಕಾಯಿ ಬೇಯಿಸಿ, ಕಿವುಚಿ, ನೀರು ನೀರಾಗಿ ಮಾಡಿ, ಇಂಗು ಸಾಸಿವೆಯ ಒಗ್ಗರಣೆ ಕೊಟ್ಟ ಅದನ್ನು ಊಟದ ಕೊನೆಗೆ ಜನ ಬೊಗಸೆ ಒಡ್ಡಿ ಕುಡಿಯುವುದನ್ನು ನಾನೇ ನೋಡಿದ್ದೇನೆ. ಆ ಮನುಷ್ಯನಿಗೆ ನಾಲ್ಕು ತಿಂಗಳಿಂದ ಮಲದಲ್ಲಿ ರಕ್ತ. ಹೆಂಡತಿಗೂ ಹೇಳಿರಲಿಲ್ಲ. "ಮೂಲವ್ಯಾಧಿ ಇರ್ಬೇಕು, ಒಲೆ ಮುಂದೆ ನಿಂತು ನಿಂತು ಉಷ್ಣ" ಎಂದರು. ಡಾಕ್ಟರು ಪರೀಕ್ಷಿಸಿ, ಮೂಲವ್ಯಾಧಿ ಕಾಣುತ್ತಿಲ್ಲ, ಒಳಗೆ ನೋಡಲೇಬೇಕು ಎಂದರು.

ನಮ್ಮಪ್ಪನೂ ಹೀಗೇ ಉಷ್ಣ ಎಂದಿದ್ದ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರ. ಪರೀಕ್ಷೆ ಮುಗೀಲಿ ಅಂದ, ಆಮೇಲೆ ಎಲೆಕ್ಷನ್ ಡ್ಯೂಟಿ ಮುಗೀಲಿ ಅಂದ, ಆಮೇಲೆ ಮಕ್ಕಳ ಗಣತಿ ಮುಗೀಲಿ ಅಂದ. ಎಲ್ಲ ಮುಗಿದು ಆಸ್ಪತ್ರೆಗೆ ಹೋದಾಗ ಕರುಳಿನ ಗಡ್ಡೆ ಲಿವರಿಗೆ ಹಬ್ಬಿತ್ತು. ಹಾಗಾಗಿ ರಕ್ತ ಹೋಗುತ್ತದೆ ಎಂದು ಯಾರು ಹೇಳಿದರೂ ನಾನು ಅವರನ್ನು ಬಿಡುವ ಪೈಕಿ ಅಲ್ಲ. ಬೈದಾದರೂ ಸರಿ, ಕೊಳವೆ ಒಳಗೆ ಹೋಗುವ ತನಕ ಬೆನ್ನು ಹತ್ತುತ್ತೇನೆ.

ಅಡುಗೆಯವರು ಒಪ್ಪಿಗೆ ಪತ್ರದ ಅಷ್ಟೂ ಪುಟಕ್ಕೆ ಸರಸರ ಸಹಿ ಹಾಕಿದರು. ಆದರೆ ಪುಡಿಯ ಪೊಟ್ಟಣ ಕೈಗೆ ಬಂದ ಕೂಡಲೇ ಕನ್ನಡಕ ಏರಿಸಿ ಹಿಂದೆ ಮುಂದೆ ತಿರುಗಿಸಿ ಓದಿದರು.

"ಉಪ್ಪು ಮೂರು ಥರದ್ದು ಹಾಕಿದಾರೆ. ಹುಳಿ ಎಂತದೂ ಇಲ್ವಲ್ಲ ತಂಗಿ?"

"ಅದು ಔಷಧಿ, ಸಾರಲ್ಲ. ಮೂಗು ಹಿಡ್ಕೊಂಡು ಕುಡೀರಿ" ಎಂದೆ.

ಲಕೋಟೆ ಒಡೆದೆ. ಎರಡು ಕಂತು. ಸಾಗರದಲ್ಲಿ ಅವರ ತಂಗಿಯ ಮನೆ ಇತ್ತು, ಅವತ್ತು ರಾತ್ರಿ ಅಲ್ಲೇ ಉಳಿಯುವುದೆಂದಾಯಿತು. ನಾನು ಬೆರಳು ಮಡಚಿ ಮಡಚಿ ಹೇಳಿದೆ. ಮಧ್ಯಾಹ್ನದ ಗಂಜಿಯ ನಂತರ ಗಟ್ಟಿ ಪದಾರ್ಥ ಇಲ್ಲ. ಹಾಲು ಇಲ್ಲ. ಮುರುಗಲ ಹಣ್ಣಿನ ಶರಬತ್ತು ಇಲ್ಲ, ಅದರ ಕೆಂಪು ಒಳಗೆ ರಕ್ತದ ಹಾಗೇ ಕಾಣುತ್ತದೆ. ಎಲೆಯಡಿಕೆಯ ಕವಳ ಹಾಕುವ ಹಾಗಿಲ್ಲ. ನೆಂಟರು ಕೈ ಮುಗಿದು ಕೇಳಿದರೂ ಏನೂ ತಿನ್ನುವ ಹಾಗಿಲ್ಲ. ಎಲ್ಲದಕ್ಕೂ ತಲೆಯಾಡಿಸಿದರು.

ಮಾರನೆಯ ಬೆಳಿಗ್ಗೆ ಹತ್ತಕ್ಕೆ ಮಂಪರಿನ ಇಂಜೆಕ್ಷನ್ ಕೊಟ್ಟು ಮಲಗಿಸಿದರು. ಅಂಕದ ಫಾರಂ ಹಿಡಿದು ನಾನು ಮೂಲೆಯಲ್ಲಿ ನಿಂತಿದ್ದೆ. ಕೊಳವೆ ಒಂದು ಗೇಣು ಹೋಗಿರಲಿಕ್ಕಿಲ್ಲ, ಡಾಕ್ಟರು "ಸಿಸ್ಟರ್, ಇಲ್ಲಿ ಬನ್ನಿ, ಇದೇನಿದು?" ಎಂದರು. ಪರದೆಯ ತುಂಬ ಹಳದಿ ನೀರು, ಅದರಲ್ಲಿ ಕಪ್ಪು ಕಪ್ಪು ಕಾಳು ತೇಲುತ್ತಿವೆ. ಡಾಕ್ಟರು ಬಯಲುಸೀಮೆಯವರು, ಹೊಸ ಕಾಯಿಲೆ ಸಿಕ್ಕಿತೋ ಏನೋ ಎಂದು ಕಣ್ಣು ಅರಳಿಸಿಕೊಂಡಿದ್ದರು. ನಾನು ಅಡುಗೆಮನೆ ಕಂಡವಳು. ಸಾಸಿವೆ! ಅದೂ ಹದವಾಗಿ ಸಿಡಿದ ಸಾಸಿವೆ. ಇನ್ನೊಂದು ತಿರುವು ಹೋದರೆ ಗೋಡೆಗೆ ಅಂಟಿಕೊಂಡು ಒಂದು ಕರಿಬೇವಿನ ಎಲೆ, ಇಡಿಯದು. ಅಷ್ಟರಲ್ಲಿ ಸಾಸಿವೆ ಸಿಕ್ಕಿಕೊಂಡು ಕೊಳವೆಯ ನೀರು ಹೀರುವ ದಾರಿ ಕಟ್ಟಿಹೋಯಿತು. ಡಾಕ್ಟರು ಉಸ್ಸೆಂದು ಕೊಳವೆ ಹೊರಗೆ ಎಳೆದರು. ಒಂಬತ್ತಕ್ಕೆ ಎರಡು ಅಂಕ. ಅದೂ ಕೃಪಾಂಕ.

ಮಂಪರು ಇಳಿದ ಮೇಲೆ ಅಡುಗೆಯವರು ಕೇಳಿದ ಮೊದಲ ಮಾತು, "ಎಷ್ಟು ಮಾರ್ಕ್ಸ್ ಬಂತು ತಂಗಿ?"

"ಫೇಲು! ತಂಗಿ ಮನೇಲಿ ಏನು ತಿಂದ್ರಿ, ನಿಜ ಹೇಳಿ."

"ದೇವರಾಣೆ, ನೀನು ಕೊಟ್ಟಿದ್ದು ಬಿಟ್ಟು ಬೇರೆ ಎಂತದೂ ಬಾಯಿಗೆ ಹಾಕಿಲ್ಲ ಮಾರಾಯ್ತಿ."

ಆ ಮುಖ ನೋಡಿದರೆ ಸುಳ್ಳು ಹೇಳುವ ಹಾಗೆ ಕಾಣಲಿಲ್ಲ. ಹಾಗಾದರೆ ಕರಿಬೇವು ಒಳಗೆ ಗಿಡವಾಗಿ ಬೆಳೆಯಿತೇ? ತಂಗಿಯೇ ಸಾರು ಕುಡಿಸಿ, ಹೇಳಬೇಡ ಎಂದಿರಬೇಕು ಎಂದುಕೊಂಡೆ. ಡ್ಯೂಟಿ ಮುಗಿದವಳೇ ಸೀದಾ ಆ ಮನೆಗೆ ಹೋದೆ. ಬಾಗಿಲು ತೆಗೆದ ತಂಗಿಗೆ ಕೂತುಕೊಳ್ಳಿ ಎನ್ನಲೂ ಬಿಡದೆ ಶುರುಮಾಡಿದೆ.

ಅವರು ಎಲ್ಲ ಕೇಳಿಸಿಕೊಂಡು, ಬಾಯಿಗೆ ಸೆರಗು ಒತ್ತಿಕೊಂಡು, ಒಳಗಿನ ಮಂಚದ ಕಡೆ ಕೈ ತೋರಿಸಿದರು. ಅಲ್ಲಿ ಅವರ ಯಜಮಾನರು ಒಣಗಿದ ಸೌತೆಬಳ್ಳಿಯ ಹಾಗೆ ಮಲಗಿದ್ದರು.

"ನಾನೆಂತದೂ ಕೊಡ್ಲಿಲ್ರೀ. ಅಣ್ಣ ಆ ಔಷಧಿ ಒಂದು ಗುಟುಕು ಕುಡ್ದ. 'ಇದನ್ನ ಮನುಷ್ಯರು ಕುಡೀತಾರಾ, ಉಪ್ಪು ಬಂದಿದೆ, ಹುಳಿ ಬಂದಿಲ್ಲ' ಅಂದ. ಎದ್ದು ಮಾವಿನಕಾಯಿ ಬೇಯಿಸ್ದ. ಕಿವುಚಿ ಅದಕ್ಕೇ ಹಾಕ್ದ, ಮೇಲಿಂದ ಇಂಗಿನ ಒಗ್ಗರಣೆ ಕೊಟ್ಟ. ಘಮ ಅಂದ್ರೆ ಘಮ! ಇವ್ರು ಊಟಕ್ಕೆ ಕೂತಿದ್ರು, ನಂಗೂ ಒಂದ್ ಲೋಟ ಹಾಕಿ ಭಾವ ಅಂದ್ರು."

"ಅವ್ರು ಹಾಕಿದ್ರಾ?"

"ತಂಗಿ ಗಂಡ ಕೇಳಿದ್ಮೇಲೆ ಅಣ್ಣಂಗೆ ಇಲ್ಲ ಅನ್ನೋಕೆ ಆಗ್ತದಾ? ಇವ್ರು ಮೂರು ಲೋಟ ಕುಡಿದ್ರು."

ನಾನು ಬೈಯಲು ಬಾಯಿ ತೆರೆದೆ, ನಗು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಮಂಚದ ಮೇಲಿನಿಂದ ಯಜಮಾನರು ಕ್ಷೀಣ ಸ್ವರದಲ್ಲಿ, "ರುಚಿ ಮಾತ್ರ ಚೆನ್ನಾಗಿತ್ತು" ಎಂದರು. ನಾವಿಬ್ಬರೂ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆದರೆ ಸಂಶೋಧನೆಯಲ್ಲಿ ನಕ್ಕು ಬಿಟ್ಟರೆ ಮುಗಿಯುವುದಿಲ್ಲ. ಹೇಳಿದ ಕ್ರಮ ತಪ್ಪಿದರೆ ಏನಾಯಿತು, ಯಾಕಾಯಿತು ಎಂದು ಇಂಗ್ಲಿಷಿನಲ್ಲಿ ಬರೆದು ಕಳಿಸಬೇಕು. ಒಗ್ಗರಣೆಗೆ ಇಂಗ್ಲಿಷ್ ಹುಡುಕುವುದರಲ್ಲೇ ನನ್ನ ಅರ್ಧ ದಿನ ಹೋಯಿತು. ಎರಡು ದಿನದ ಮೇಲೆ ನಗರದ ಕಚೇರಿಯಿಂದ ಒಬ್ಬ ಹುಡುಗಿ ಫೋನು ಮಾಡಿದಳು. ತಂಗಿಯ ಮನೆಯಲ್ಲಿ ಔಷಧಿ ಕುಡಿದ ಯಜಮಾನರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಪಡೆದಿದ್ದೀರಾ ಎಂದು ಬಹಳ ಗಂಭೀರವಾಗಿ ಕೇಳಿದಳು. "ಇಲ್ಲಮ್ಮ, ಅವರು ಸ್ವಂತ ಆಸಕ್ತಿಯಿಂದ ಸೇರಿಕೊಂಡವರು" ಎಂದೆ. ಆಕಡೆ ಟೈಪ್ ಮಾಡುವ ಸದ್ದು ಕೇಳಿಸಿತು.

ನಗೆಯೆಲ್ಲ ಮುಗಿದ ಮೇಲೆ ಉಳಿದದ್ದು ಒಂದೇ ಮಾತು. ಆ ಮನುಷ್ಯನ ಕರುಳನ್ನು ಯಾರೂ ನೋಡಿಲ್ಲ, ರಕ್ತ ಇನ್ನೂ ಹೋಗುತ್ತಿದೆ. ಮತ್ತೆ ಬನ್ನಿ ಎಂದು ಫೋನು ಮಾಡಿದೆ. "ಸೀಸನ್ನು ತಂಗಿ. ಸಾಲು ಮದುವೆ ಇದೆ. ಮುಗೀಲಿ" ಎಂದರು. ಮರುವಾರ ಮಾಡಿದೆ. "ಒಂದ್ಸಲ ಬಂದಾಯ್ತಲ್ಲ. ಮತ್ತೆ ಆ ನೀರು ಕುಡಿಯೋದು ನನ್ನ ಕೈಲಾಗಲ್ಲ" ಎಂದರು. ಮೂರನೆಯ ಸಲ ಫೋನೇ ಎತ್ತಲಿಲ್ಲ. ಡಾಕ್ಟರು, "ಬಿಡಿ ಸಿಸ್ಟರ್, ಒತ್ತಾಯ ಮಾಡೋ ಹಾಗಿಲ್ಲ" ಎಂದರು. ಸಂಶೋಧನೆಗೆ ಒತ್ತಾಯ ಮಾಡುವ ಹಾಗಿಲ್ಲ, ಅದು ನನಗೂ ಗೊತ್ತು. ಆದರೆ 'ಮುಗೀಲಿ' ಎಂಬ ಆ ಒಂದು ಮಾತು ಇದೆಯಲ್ಲ, ಅದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಭಾನುವಾರ ತೀರ್ಥಹಳ್ಳಿಯಲ್ಲಿ ಅವರದ್ದೊಂದು ಮದುವೆ ಅಡುಗೆ ಇದೆ ಎಂದು ತಂಗಿಯಿಂದ ತಿಳಿಯಿತು. ಬೆಳಿಗ್ಗೆ ಬಸ್ಸು ಹತ್ತಿದೆ. ಹೊಸನಗರದಲ್ಲಿ ಬಸ್ಸು ಬದಲಿಸಿ ತೀರ್ಥಹಳ್ಳಿಗೆ ಮುಟ್ಟುವಾಗ ವಾಲಗ ಊದುತ್ತಿದ್ದರು. ಛತ್ರದ ಎದುರು ಬಾಗಿಲಲ್ಲಿ ನಿಂತ ಹುಡುಗಿ ನನ್ನನ್ನು ಹೆಣ್ಣಿನ ಕಡೆಯವಳೆಂದು ತಿಳಿದು ಪನ್ನೀರು ಎರಚಿದಳು. ನಾನು ಹಿತ್ತಿಲ ಬಾಗಿಲು ಹುಡುಕಿಕೊಂಡು ಅಡುಗೆಮನೆಗೆ ನುಗ್ಗಿದೆ.

ಅಡುಗೆಯವರು ಒಂದು ದೊಡ್ಡ ಕೊಪ್ಪರಿಗೆಯೊಳಗೆ ತಲೆ ಹಾಕಿ, ಟಾರ್ಚ್ ಬಿಟ್ಟು ನೋಡುತ್ತಿದ್ದರು. ತಲೆ ಎತ್ತಿ ಪಾತ್ರೆ ತೊಳೆಯುವವರನ್ನು ಕೂಗಿ ಬೈದರು. "ಎಂತ ತೊಳ್ದಿದೀರಾ ಇದನ್ನ? ತಳದಲ್ಲಿ ನಿನ್ನೆಯ ಸಾರು ಇದೆ. ಇದ್ರಲ್ಲಿ ಪಾಯಸ ಮಾಡ್ಲಾ ನಾನು? ಎತ್ಕೊಂಡು ಹೋಗಿ, ಮತ್ತೆ ತೊಳೀರಿ!"

"ಅಡುಗೆಯಣ್ಣ," ಎಂದೆ ಹಿಂದಿನಿಂದ. "ನಿಮ್ಮ ಕೊಪ್ಪರಿಗೆ ತಳದಲ್ಲೂ ಮೊನ್ನೆಯ ಒಗ್ಗರಣೆ ಇತ್ತು. ನಮ್ಮ ಡಾಕ್ಟ್ರು ಟಾರ್ಚ್ ಬಿಟ್ಟು ಏನಂತ ನೋಡ್ಬೇಕಿತ್ತು?"

ಬೆಚ್ಚಿ ತಿರುಗಿದರು. ಟಾರ್ಚ್ ಇನ್ನೂ ಉರಿಯುತ್ತಿತ್ತು. ತೊಳೆಯುವವರು ಕಿಸಕ್ಕೆಂದರು. ಅವರನ್ನು ಗದರಿಸಿ ಕಳಿಸಿ, ನನ್ನನ್ನು ಸೌದೆ ರಾಶಿಯ ಪಕ್ಕಕ್ಕೆ ಕರೆದು, ಬಾಳೆಲೆ ಚೂರಿನ ಮೇಲೆ ಎರಡು ಕಡುಬು ಇಟ್ಟು ಕೊಟ್ಟರು. ನಾನು ಮುಟ್ಟಲಿಲ್ಲ. ಅಪ್ಪನ ಕಥೆ ಹೇಳಿದೆ. ಪರೀಕ್ಷೆ, ಎಲೆಕ್ಷನ್, ಗಣತಿ, ಎಲ್ಲ. ಕೊನೆಯ ಎರಡು ತಿಂಗಳು ಹೇಗಿತ್ತು ಎಂಬುದನ್ನೂ ಬಿಡಲಿಲ್ಲ. ಅವರು ಹೆಗಲ ಮೇಲಿನ ಬೈರಾಸು ತೆಗೆದು ಮುಖ ಒರೆಸಿಕೊಂಡರು.

"ಅಪ್ಪನಿಗೆ ಹಾಗಾದ್ರೆ ಮಕ್ಕಳೂ ನೋಡಿಸ್ಕೋಬೇಕು ಅಂತ ನಿಮ್ಮ ಕಾಗದದಲ್ಲೇ ಬರ್ದಿತ್ತಲ್ಲ ತಂಗಿ" ಎಂದರು. "ನೀನು ನೋಡಿಸ್ಕೊಂಡಿದ್ದೀಯಾ?"

ಈ ಮನುಷ್ಯ ಸಹಿ ಹಾಕುವಾಗ ಕಾಗದ ಓದಿಯೂ ಇದ್ದಾನೆ ಎಂದು ನನಗೇನು ಗೊತ್ತು! ನನಗೆ ನಲವತ್ತಾದಾಗಲೇ ಡಾಕ್ಟರು ಹೇಳಿದ್ದರು. ಈಗ ನಲವತ್ತೆಂಟು. ಎಂಟು ವರ್ಷದಿಂದ ಕೇಳಿದಾಗಲೆಲ್ಲ ಒಂದು ಕಾರಣ ಹೇಳಿದ್ದೇನೆ. ಮಗಳ ಪರೀಕ್ಷೆ, ಅತ್ತೆಯ ಕಣ್ಣಿನ ಆಪರೇಷನ್, ಇತ್ತೀಚೆಗೆ ಈ ಸಂಶೋಧನೆ. ನಿಜ ಹೇಳಬೇಕೆಂದರೆ ಹೆದರಿಕೆ. ಆ ಪರದೆಯ ಮೇಲೆ ಅಪ್ಪನ ಗಡ್ಡೆ ನನ್ನೊಳಗೆ ಕಂಡುಬಿಟ್ಟರೆ ಎಂಬ ಹೆದರಿಕೆ. ಊರಿಗೆಲ್ಲ ಬೈದು ಕುಡಿಸಿದವಳು ನಾನು ಆ ನೀರನ್ನು ಒಂದು ಗುಟುಕೂ ಕುಡಿದಿರಲಿಲ್ಲ.

"ಇಲ್ಲ" ಎಂದೆ. "ಸ್ಟಡಿ ಮುಗೀಲಿ ಅಂತ..."

ಹೇಳಿದ ಮೇಲೆ ನನ್ನ ಕಿವಿಗೇ ಅದು ಕೇಳಿಸಿತು. ಅವರು ನಗಲಿಲ್ಲ. "ಹಂಗಾದ್ರೆ ಹಿಂಗೆ ಮಾಡಾಣ. ನಾನು ಬರ್ತೀನಿ, ಒಗ್ಗರಣೆ ಹಾಕಲ್ಲ. ನನ್ನದಾದ ಮೇಲೆ ನೀನೂ ಪರೀಕ್ಷೆಗೆ ಮಲಗ್ಬೇಕು. ಒಪ್ಪಿಗೆಯಾ?" ಎಂದರು. ಒಪ್ಪಿದೆ. ಆಮೇಲೆ ಕಡುಬು ತಿಂದೆ.

ಅವರು ಮಾತಿಗೆ ತಪ್ಪಲಿಲ್ಲ. ಮುಂದಿನ ಗುರುವಾರ ಮತ್ತೆ ತಂಗಿಯ ಮನೆಗೆ ಬಂದರು. ತಂಗಿ ಸಾಸಿವೆ ಡಬ್ಬ, ಇಂಗು, ಮಾವಿನಕಾಯಿ ಎಲ್ಲವನ್ನೂ ಬೀರುವಿನಲ್ಲಿಟ್ಟು ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡರಂತೆ. ಅವರ ಯಜಮಾನರು ತಮ್ಮ ಊಟವನ್ನು ಪಕ್ಕದ ಮನೆಯಲ್ಲೇ ಮುಗಿಸಿದರಂತೆ. ಈ ಸಲ ಪರದೆಯ ಮೇಲೆ ಕರುಳಿನ ಗೋಡೆ ತೊಳೆದಿಟ್ಟ ಪಿಂಗಾಣಿ ಬಟ್ಟಲಿನ ಹಾಗೆ ಹೊಳೆಯುತ್ತಿತ್ತು. ಎಡಭಾಗದ ಒಂದು ಮಡಿಕೆಯ ಹಿಂದೆ ಕೆಂಪಗಿನ ಒಂದು ಗಂಟು, ದೊಡ್ಡ ಕುಂಕುಮದ ಬೊಟ್ಟಿನಷ್ಟು. ಡಾಕ್ಟರು ತಂತಿಯ ಕುಣಿಕೆ ಹಾಕಿ ಬಿಗಿದು ಅದನ್ನು ಕತ್ತರಿಸಿ ತೆಗೆದರು. ವಾರದ ಮೇಲೆ ವರದಿ ಬಂತು. ಕ್ಯಾನ್ಸರ್ ಅಲ್ಲ, ಬಿಟ್ಟಿದ್ದರೆ ಮುಂದೆ ಆಗುವಂಥದ್ದು. ಸಂಶೋಧನೆಯ ಪುಸ್ತಕದಲ್ಲಿ ಮಾತ್ರ ಅವರ ಹೆಸರಿನ ಮುಂದೆ ಇವತ್ತಿಗೂ ಹಳೆಯ ಎರಡು ಅಂಕವೇ ಇದೆ, ಅದನ್ನು ಅಳಿಸುವ ಹಾಗಿಲ್ಲ. ಆದರೆ ಆ ದಿನ ಡಾಕ್ಟರು ಬಾಯಿಮಾತಿನಲ್ಲಿ ಒಂಬತ್ತಕ್ಕೆ ಒಂಬತ್ತು ಎಂದದ್ದನ್ನು ಅವರು ಎರಡು ತಾಲ್ಲೂಕಿಗೆ ಸಾರಿದರು.

ನಾನೋ? ನಾನು ಎರಡು ಸಲ ದಿನ ಗೊತ್ತುಮಾಡಿ ಎರಡು ಸಲ ಮುಂದೆ ಹಾಕಿದೆ. ಮೂರನೆಯ ಸಲದ ಹಿಂದಿನ ದಿನ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಅಡುಗೆಯವರು ಸೋಸುವ ಬಟ್ಟೆ, ಹಿತ್ತಾಳೆ ತಪ್ಪಲೆ ಹಿಡಿದುಕೊಂಡು ನಿಂತಿದ್ದಾರೆ. ಯಾವ ಬೇಹುಗಾರನ ಕೈವಾಡ ಎಂದು ತಿರುಗಿ ನೋಡಿದರೆ ನಮ್ಮನೆಯವರು ಪೇಪರ್ ಓದುವ ನಾಟಕ ಮಾಡುತ್ತಿದ್ದರು.

"ಕುಡಿಯೋಕೆ ಎಂತ ಬಿಡ್ತೀರಿ, ತಿಳಿಸಾರು ತಾನೆ? ನೀ ಮಾಡೋ ಸಾರು ಕುಡಿದ್ರೆ ನೀನೇ ಓಡಿಹೋಗ್ತೀಯ. ನಾ ಮಾಡ್ತೀನಿ" ಎಂದು ಒಳಗೆ ಹೋದರು.

ಬೇಳೆ ಕಟ್ಟನ್ನು ಬಟ್ಟೆಯಲ್ಲಿ ಮೂರು ಸಲ ಸೋಸಿದರು. ಉಪ್ಪು, ನಿಂಬೆರಸ, ಅಷ್ಟೇ. ನಮ್ಮ ಒಗ್ಗರಣೆ ಡಬ್ಬದ ಎದುರು ಬಂದಾಗ ಮಾತ್ರ ಕೈ ತಾನಾಗಿ ಮುಚ್ಚಳಕ್ಕೆ ಹೋಯಿತು. ಬಾಗಿಲಲ್ಲಿ ನಿಂತಿದ್ದ ನಾನು ಕೆಮ್ಮಿದೆ. ಅವರು ಡಬ್ಬವನ್ನು ಎತ್ತಿ ಅಟ್ಟದ ಹಲಗೆಯ ಮೇಲೆ, ತಮ್ಮ ಕೈಗೂ ಎಟುಕದಷ್ಟು ಒಳಗೆ ತಳ್ಳಿದರು. ಸಂಜೆ ಔಷಧಿಯ ಒಂದೊಂದು ಲೋಟಕ್ಕೂ ಎದುರು ಕೂತು, "ಹ್ಞಾ, ಇನ್ನೊಂದು, ಮೂಗು ಹಿಡ್ಕೋ" ಎಂದು ಗದರಿಸಿದರು. ಥೂ, ಎಂಥ ಹೊಲಸು ರುಚಿ ಅದು! ಒಗ್ಗರಣೆ ಹಾಕಿದವರ ತಪ್ಪೇನೂ ಇಲ್ಲ ಅನ್ನಿಸಿಬಿಟ್ಟಿತು.

ಮರುದಿನ ಮಂಪರು ಇಳಿದಾಗ ಡಾಕ್ಟರು ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರು ಹಾಗೆ ಕೂರುವುದು ಯಾವಾಗ ಎಂದು ನನಗೆ ಗೊತ್ತು. "ಒಂದಿತ್ತು. ಪೂರ್ತಿ ತೆಗೆದಿದ್ದೀನಿ. ಪರೀಕ್ಷೆಗೆ ಕಳಿಸಿದೀವಿ" ಎಂದರು. "ಇನ್ನೆರಡು ವರ್ಷ ಬಿಟ್ಟಿದ್ದರೆ ಸಿಸ್ಟರ್..." ಎಂದು ಅಲ್ಲಿಗೇ ನಿಲ್ಲಿಸಿದರು. ಮುಂದಿನದನ್ನು ಅವರು ಹೇಳಬೇಕಾಗಿರಲಿಲ್ಲ, ಅಪ್ಪನ ಫೈಲಿನಲ್ಲಿ ನಾನು ಓದಿದ್ದೆ.

ವರದಿ ಬರುವ ತನಕದ ಆ ವಾರ ಹೇಗೆ ಹೋಯಿತೋ ನನಗೇ ಗೊತ್ತು. ಲಕೋಟೆ ನನ್ನದೇ ಹೆಸರಿಗೆ ಬಂತು. ಅದೆಷ್ಟು ಲಕೋಟೆ ಒಡೆದವಳು, ಅವತ್ತು ಅಂಚು ಬಿಟ್ಟು ನಡುವೆಯೇ ಹರಿದೆ. ಕ್ಯಾನ್ಸರ್ ಅಲ್ಲ. ಅಡುಗೆಯವರದ್ದೇ ಜಾತಿಯ ಗಂಟು, ಬಿಟ್ಟಿದ್ದರೆ ಆಗುವಂಥದ್ದು. ಆಸ್ಪತ್ರೆಯ ಮೆಟ್ಟಿಲ ಬಳಿ ನಿಂತು ಮೊದಲು ಮನೆಗೆ ಹೇಳಿದೆ, ಆಮೇಲೆ ಅವರಿಗೆ ಫೋನು ಮಾಡಿದೆ. ಆಕಡೆ ಪಾತ್ರೆ ಸದ್ದು, ಯಾರದೋ ಮನೆಯ ಗೃಹಪ್ರವೇಶ.

"ಕ್ಯಾನ್ಸರ್ ಅಲ್ವಂತೆ ಅಡುಗೆಯಣ್ಣ. ನಿಮ್ಮದೇ ಥರದ್ದು. ಸ್ವಲ್ಪ ದೊಡ್ಡದಿತ್ತಂತೆ."

"ನಂದಕ್ಕಿಂತ ದೊಡ್ಡದಾ?" ಎಂದರು, ಸ್ವಲ್ಪ ಬೇಜಾರಾದವರ ಹಾಗೆ. ಆಮೇಲೆ ಫೋನನ್ನು ಎಲ್ಲೋ ಇಟ್ಟ ಸದ್ದಾಯಿತು. ಲೈನು ಹೋಯಿತೇನೋ ಎಂದುಕೊಂಡೆ. ಅಷ್ಟರಲ್ಲಿ ಚೊಂಯ್ ಎಂದು ದೊಡ್ಡ ಸದ್ದು ಬಂತು, ಅದರ ಹಿಂದೆ ಸಾಸಿವೆ ಪಟಪಟ ಸಿಡಿಯುವುದು.

"ಕೇಳಿಸ್ತಾ ತಂಗಿ?" ಎಂದರು. "ಅಪ್ಪೆಹುಳಿಗೆ. ಇವತ್ತಿನ ಒಗ್ಗರಣೆ ನಿನ್ನ ಲೆಕ್ಕದ್ದು."

ಫೋನನ್ನು ಕಿವಿಗೆ ಒತ್ತಿಕೊಂಡು ಮೆಟ್ಟಿಲ ಮೇಲೇ ಕೂತು ಜೋರಾಗಿ ಅತ್ತೆ. ಹೋಗುವವರು ಬರುವವರು ಯಾರೋ ತೀರಿಕೊಂಡರೇನೋ ಎಂದು ನಿಂತು ನೋಡಿದರು. ಆಮೇಲೆ ಮುಖ ತೊಳೆದುಕೊಂಡು ಒಳಗೆ ಹೋದೆ. ಹೊಸನಗರದಿಂದ ಬಂದ ಹೆಂಗಸೊಬ್ಬರು ಪುಡಿಯ ಪೊಟ್ಟಣ ಹಿಡಿದು ನನಗಾಗಿ ಕಾಯುತ್ತಿದ್ದರು.